ಅಟ್ಟದಿಂದಿಳಿದ ಕತ್ತಿ, ಕವಚ: ಯಾವುದು ರೋಗ, ಯಾವುದು ವಯಸ್ಸು

ಹಿರಿಯರಿಂದ ಬಂದ ಕತ್ತಿಗಳ ಬೆಲೆಯನ್ನು ತುಕ್ಕಿಗಿಂತ ಹೆಚ್ಚಾಗಿ ತಿಂದಿರುವುದು ಉಜ್ಜುವ ಕೈ. ತುಕ್ಕು ಹಿಡಿದ ಅಲಗನ್ನು ನುರಿತವರು ಅಷ್ಟಿಷ್ಟಾದರೂ ಉಳಿಸಿಕೊಡಬಲ್ಲರು. ಗ್ರೈಂಡರ್‌ಗೆ ಕೊಟ್ಟು ಕನ್ನಡಿಯಂತೆ ಹೊಳೆಯಿಸಿದರೆ ಅಲಗಿನ ಮೇಲಿದ್ದ ಮುದ್ರೆ, ಕೆತ್ತನೆ, ಮೂಲ ಮೈ ಹೋದಂತೆಯೇ. ಅವನ್ನು ಯಾರೂ ಮರಳಿ ತರಲಾರರು. ಹಾಗಾಗಿ ಇಲ್ಲಿನ ಕ್ರಮ ಸಾಮಾನ್ಯ ಶುಚಿಕೆಲಸಕ್ಕೆ ತಿರುಗುಮುರುಗು: ಮೊದಲು ನೋಡುವುದು, ಅಳೆಯುವುದು, ಬಲ್ಲವರಿಗೆ ತೋರಿಸುವುದು. ಎಣ್ಣೆ, ಬಟ್ಟೆ ಆಮೇಲೆ. ಕಣ್ಣಿಗೆ ಬಿದ್ದ ಪ್ರತಿ ಕಲೆಗೂ ಎರಡು ಪ್ರಶ್ನೆ ಹಾಕಿ. ಇದು ಈಗಲೂ ಲೋಹವನ್ನು ತಿನ್ನುತ್ತಿದೆಯೇ? ಇದನ್ನು ತೆಗೆದರೆ ವಸ್ತುವಿನ ಕಾಲ, ಊರು, ಬಳಕೆ ಹೇಳುವ ಸಾಕ್ಷಿ ಅಳಿಯುತ್ತದೆಯೇ? ಮೊದಲ ಪ್ರಶ್ನೆಗೆ ‘ಹೌದು’, ಎರಡನೆಯದಕ್ಕೆ ‘ಇಲ್ಲ’ ಎಂದಾದಾಗ ಮಾತ್ರ ಕೈ ಹಾಕಬೇಕು.

ಮುಟ್ಟುವ ಮುನ್ನ

ಬರಿಗೈ ಬೇಡ. ಬೆವರಿನ ಉಪ್ಪು ಉಕ್ಕಿನ ಮೇಲೆ ಕೆಲವೇ ದಿನಗಳಲ್ಲಿ ಬೆರಳಚ್ಚಿನ ಆಕಾರದ ತುಕ್ಕು ಬರೆಯುತ್ತದೆ. ನೈಟ್ರೈಲ್ ಕೈಗವಸು ಸಾಕು. ಹತ್ತಿಯದು ನುಣ್ಣನೆಯ ಲೋಹದ ಮೇಲೆ ಜಾರುತ್ತದೆ, ಸೀಳಿದ ಅಂಚುಗಳಿಗೆ ಸಿಕ್ಕಿಕೊಳ್ಳುತ್ತದೆ. ಉಂಗುರ, ಗಡಿಯಾರ ಬಿಚ್ಚಿಡಿ. ಒರೆಯಿಂದ ಅಲಗು ಎಳೆಯುವಾಗ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬಾರದು. ಹಳೆಯ ಚರ್ಮದ ಹೊಲಿಗೆ, ಮರದ ಅಂಟು ಬಿಟ್ಟಿದ್ದರೆ ಅಲಗಿನ ಬಾಯಿ (ಹರಿತ ಅಂಚು) ಒರೆಯನ್ನೇ ಸೀಳಿಕೊಂಡು ಬೆರಳಿಗೆ ಬರುತ್ತದೆ. ಅಲಗಿನ ಬೆನ್ನಿರುವ ಕಡೆಯಿಂದ ಅಂಗೈಯಲ್ಲಿ ಆತುಕೊಂಡು, ಬಾಯಿಯ ಕಡೆಗೆ ಬೆರಳು ಬಾರದಂತೆ ಹಿಡಿಯಿರಿ.

ಇದ್ದದ್ದು ಇದ್ದ ಹಾಗೆಯೇ ಫೋಟೊ ತೆಗೆಯಿರಿ: ಪೂರ್ತಿ ಉದ್ದ ಎರಡೂ ಬದಿ, ಹಿಡಿ ನಾಲ್ಕೂ ಕಡೆ, ಅಲಗಿನ ಬೆನ್ನು, ಒರೆಯ ಬಾಯಿ, ಮುದ್ರೆಗಳು. ಮುದ್ರೆಗೆ ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಅಲಗಿಗೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿದು ಓರೆಬೆಳಕು ಬೀಳಿಸಿದರೆ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಅಳತೆಗಳು ಇವು: ಹಿಡಿಯಿಂದ ಮೊನೆಯವರೆಗೆ ಅಲಗಿನ ನೇರ ಉದ್ದ (ಬಾಗಿದ ಅಲಗಿಗೂ ನೇರವಾಗಿಯೇ), ಬುಡದ ಅಗಲ, ತೂಕ, ಮತ್ತು ಬೆನ್ನಿನ ದಪ್ಪ ಮೂರು ಕಡೆ: ಬುಡದಲ್ಲಿ, ನಡುವೆ, ಮೊನೆಗೆ 10 ಸೆಂ.ಮೀ. ಇರುವಾಗ. ಈ ಮೂರು ದಪ್ಪಗಳು ಎಷ್ಟು ಮಾತಾಡುತ್ತವೆ ಎಂಬುದು ಮುಂದೆ ಬೆಲೆಯ ಭಾಗದಲ್ಲಿ ತಿಳಿಯುತ್ತದೆ.

ಕಿತ್ತಳೆ, ಕಂದು, ಕಪ್ಪು: ತುಕ್ಕಿನ ತಪಾಸಣೆ

ಬಿಳಿಯ ಟಿಶ್ಯೂ ಕಾಗದವನ್ನು ಕಲೆಯ ಮೇಲೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಕಾಗದಕ್ಕೆ ಕಿತ್ತಳೆ ಪುಡಿ ಅಂಟಿದರೆ ಅದು ಜೀವಂತ ತುಕ್ಕು, ಇಂದೂ ತಿನ್ನುತ್ತಿದೆ. ಏನೂ ಅಂಟದೆ, ಮೈ ನಯವಾಗಿ ಕಂದುಗಪ್ಪು ಬಣ್ಣದಲ್ಲಿದ್ದರೆ ಅದು ನೆಲೆಗೊಂಡ ಪದರ, ಬಹುಪಾಲು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್. ಅದು ಕೆಳಗಿನ ಉಕ್ಕಿಗೆ ಹೊದಿಕೆಯಂತಿದೆ. ಸಂಗ್ರಾಹಕರು ಪ್ಯಾಟಿನಾ ಎಂದು ಕರೆದು ದುಡ್ಡು ಕೊಡುವುದು ಇದಕ್ಕೇ. ಇದನ್ನು ತೆಗೆದರೆ ರೋಗ ಹೋಗುವುದಿಲ್ಲ, ವಯಸ್ಸು ಹೋಗುತ್ತದೆ.

ಎರಡರ ನಡುವಿನದೂ ಒಂದಿದೆ, ಮೋಸ ಮಾಡುವುದು ಅದೇ. ಮೇಲೆ ಕಪ್ಪಗೆ ಗಟ್ಟಿಯಾಗಿ ಕಾಣುವ ಉಬ್ಬು ಹಕ್ಕಳೆ, ಒಳಗೆ ಕಿತ್ತಳೆ. ಬಿದಿರಿನ ಕಡ್ಡಿಯ ಚೂಪಿನಿಂದ ಅಂಚನ್ನು ಮೆಲ್ಲಗೆ ಒತ್ತಿ ನೋಡಿ. ಪುಡಿಪುಡಿಯಾಗಿ ಎದ್ದರೆ ಜೀವಂತ ತುಕ್ಕು. ಅನುಮಾನ ಉಳಿದರೆ ಫೋಟೊ ತೆಗೆದು, ಒಣ ಕೋಣೆಯಲ್ಲಿ ಎರಡು ವಾರ ಬಿಟ್ಟು, ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಹೋಲಿಸಿ. ಎರಡು ವಾರ ಕಾದರೆ ನಷ್ಟವೇನೂ ಇಲ್ಲ.

ತುಕ್ಕು ಎಲ್ಲಿದೆ ಎಂಬುದು ಕಾರಣವನ್ನು ಹೇಳುತ್ತದೆ. ಮೊನೆಯ ಕಡೆ ಮಾತ್ರ ಇದ್ದರೆ ಒರೆಯ ತಳದಲ್ಲಿ ತೇವ ನಿಂತಿತ್ತು. ಹಿಡಿಯ ಕೆಳಗಿನ ಮೂರ್ನಾಲ್ಕು ಬೆರಳು ಅಗಲದಲ್ಲಿ ಮಾತ್ರ ಇದ್ದರೆ ಒರೆಯ ಬಾಯಿಯಿಂದ ಗಾಳಿಯ ತೇವ ಒಳಹೊಕ್ಕಿದೆ. ಒಂದೇ ಬದಿ ಪೂರ್ತಿ ಇದ್ದರೆ ಆ ಬದಿ ಗೋಡೆಗೋ ಚರ್ಮಕ್ಕೋ ಬಟ್ಟೆಗೋ ಒರಗಿಕೊಂಡಿತ್ತು. ಈ ಕಾರಣವನ್ನು ಸರಿಪಡಿಸದೆ ತುಕ್ಕು ತೆಗೆದು ಅದೇ ಒರೆಗೆ ತುರುಕಿದರೆ ಒಂದು ಮಳೆಗಾಲದೊಳಗೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ.

ತುಕ್ಕಲ್ಲದ ಕಲೆಗಳೂ ಇವೆ. ಹಳದಿ, ಅಂಟು ಬಣ್ಣದ ಗಾಜಿನಂಥ ಪದರ ಕಂಡರೆ ಯಾರೋ ಹಿಂದೆ ಅಗಸೆ ಎಣ್ಣೆ ಹಚ್ಚಿದ್ದಾರೆ. ಆ ಎಣ್ಣೆ ಗಾಳಿಯಲ್ಲಿ ವಾರ್ನಿಷ್‌ನಂತೆ ಗಟ್ಟಿಯಾಗುತ್ತದೆ. ಹತ್ತಿಗೆ ಅಸಿಟೋನ್ ಹಾಕಿ ಬರಿ ಲೋಹದ ಮೇಲೆ ಮಾತ್ರ ಒರೆಸಿದರೆ ಬಿಡುತ್ತದೆ. ಅಲಗಿಡೀ ಒಂದೇ ಸಮನೆ ಮಂಕು ಬೂದು ಬಣ್ಣವಿದ್ದರೆ ಹಿಂದೆ ಆಮ್ಲದಲ್ಲಿ ಅದ್ದಿದ್ದಾರೆ. ಬಾಯಿಯ ಪಕ್ಕ ಒಣಹುಲ್ಲಿನ ಬಣ್ಣವೋ ನೀಲಿಯೋ ಮೂಡಿದ್ದರೆ ಗ್ರೈಂಡರ್‌ನ ಶಾಖ ತಾಗಿದೆ: ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಸುಮಾರು 300. ಅಷ್ಟು ಕಡೆ ಉಕ್ಕಿನ ಹದ ಇಳಿದಿರಬಹುದು. ಇದಕ್ಕೆ ಪರಿಹಾರವಿಲ್ಲ, ಬೆಲೆ ಕಟ್ಟುವವರಿಗೆ ಮುಚ್ಚಿಡದೆ ಹೇಳಿ, ಅವರು ಹೇಗೂ ಕಂಡುಹಿಡಿಯುತ್ತಾರೆ.

ಕಬ್ಬಿಣ ಹನಿ ಒಸರುತ್ತಿದೆ

ತುಕ್ಕಿನ ಮೇಲೆ ಸಣ್ಣ ಸಣ್ಣ ಹಳದಿ–ಕಂದು ಹನಿಗಳು, ಒಣಗಿದ ಮೇಲೆ ಪೊಳ್ಳು ಗುಳ್ಳೆಗಳು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಲೋಹದೊಳಗೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಸೇರಿದೆ. ನೆಲದಡಿಯಿಂದಲೋ ಸಮುದ್ರದಿಂದಲೋ ಬಂದ ವಸ್ತುಗಳಲ್ಲಿ ಇದು ಸಾಮಾನ್ಯ. ಉಪ್ಪು ಗಾಳಿಯ ತೇವವನ್ನು ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಬರಿ ಉಕ್ಕಿಗೆ ತೊಂದರೆ ಕೊಡದಷ್ಟು ಒಣ ಗಾಳಿಯಲ್ಲೂ ಇದು ತಿನ್ನುತ್ತಲೇ ಇರುತ್ತದೆ. ಮೇಲೆ ಎಣ್ಣೆ, ಮೇಣ ಹಚ್ಚಿದರೆ ರೋಗವನ್ನು ಒಳಗೇ ಮುಚ್ಚಿಟ್ಟಂತೆ. ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬದಲ್ಲಿ, ವಸ್ತುವಿನ ತೂಕದಷ್ಟೇ ಒಣ ಸಿಲಿಕಾ ಜೆಲ್ ಮತ್ತು ಸಣ್ಣ ತೇವಮಾಪಕದೊಂದಿಗೆ ಇಟ್ಟು, ಸಾಪೇಕ್ಷ ತೇವವನ್ನು ಶೇ. 20ಕ್ಕಿಂತ ಕೆಳಗಿಳಿಸಿ ಹಳೆಯ ವಸ್ತುಗಳ ಸಂರಕ್ಷಕರ ಬಳಿ ಒಯ್ಯಿರಿ. ಹಿಡಿಯಲ್ಲಿ ಮರ, ಚರ್ಮ, ದಂತ ಇದ್ದರೆ ಇಷ್ಟು ಒಣಗಿಸಿದರೆ ಅವು ಬಿರಿಯುತ್ತವೆ. ಅಂಥದ್ದನ್ನು ಡಬ್ಬಕ್ಕೆ ಹಾಕದೆ ಬೇಗ ಒಯ್ಯುವುದೇ ಸರಿ.

ಜೀವಂತ ತುಕ್ಕು ತೆಗೆಯುವ ಬಗೆ

ಇದು ಸಾದಾ ಉಕ್ಕಿನ ಅಲಗಿಗೆ ಮಾತ್ರ. ಜಪಾನಿನ ಅಲಗು, ಚಿನ್ನದ ಕೆಲಸ, ನೀಲಿ ಲೇಪ, ನೀರಲೆ ಉಕ್ಕು (ಮೈಮೇಲೆ ನೀರು ಹರಿದಂಥ ರೇಖೆಗಳಿರುವುದು) ಇವುಗಳಿಗೆ ಈ ವಿಧಾನ ಸಲ್ಲದು.

ಹಿಡಿಯ ಹತ್ತಿರ, ಕಣ್ಣಿಗೆ ಬೀಳದ ಕಡೆ 2 ಸೆಂ.ಮೀ. ಚೌಕದಲ್ಲಿ ಮೊದಲು ಪರೀಕ್ಷೆ. ತೆಳು ಖನಿಜ ಎಣ್ಣೆ (ಹೊಲಿಗೆ ಯಂತ್ರಕ್ಕೆ ಹಾಕುವಂಥದ್ದು) ನಾಲ್ಕೈದು ಹನಿ ಬಿಟ್ಟು 24 ಗಂಟೆ ನೆನೆಯಲು ಬಿಡಿ. ಮೆತ್ತಗಾದ ತುಕ್ಕನ್ನು ಬಿದಿರಿನ ಚಕ್ಕೆಯಿಂದ, ಜಗ್ಗದಿದ್ದರೆ ಹಿತ್ತಾಳೆಯ ಚಪ್ಪಟೆ ಅಂಚಿನಿಂದ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರುವುದಿಲ್ಲ. ಉಳಿದದ್ದಕ್ಕೆ ನಾಲ್ಕು ಸೊನ್ನೆಯ (0000) ಸ್ಟೀಲ್ ವುಲ್, ಅದೂ ಎಣ್ಣೆಯಲ್ಲಿ ತೊಯ್ದದ್ದು. ಕೈ ಯಾವಾಗಲೂ ಅಲಗಿನ ಉದ್ದಕ್ಕೆ ಓಡಬೇಕು. ಅಡ್ಡಕ್ಕಾಗಲೀ ಸುತ್ತಿಸಿಯಾಗಲೀ ಉಜ್ಜಿದರೆ ಆ ಗೀರು ಓರೆಬೆಳಕಿನಲ್ಲಿ ಎದ್ದು ಕಾಣುತ್ತದೆ. ಒಂದು ಗೇಣು ಜಾಗ ಮುಗಿಸಿ, ಬಟ್ಟೆಯಿಂದ ಒರೆಸಿ, ನೋಡಿ, ಮುಂದಕ್ಕೆ ಹೋಗಿ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿ ಕಷ್ಟದ ಸಂಗತಿ. ಕಿತ್ತಳೆ ಹೋಗಿ ಕಂದು ಉಳಿದ ಕ್ಷಣಕ್ಕೆ ನಿಲ್ಲಿಸಿ. ಪಕ್ಕದ ತುಂಡು ಹೊಳೆಯುತ್ತಿದೆ, ಇದನ್ನೂ ಹಾಗೆ ಮಾಡೋಣ ಅನ್ನಿಸಿದ ಕೂಡಲೇ ವುಲ್ ಕೆಳಗಿಡಿ. ತುಕ್ಕು ಕೊರೆದ ಗುಳಿಗಳನ್ನು ಸಮ ಮಾಡಹೋಗಬೇಡಿ. ಗುಳಿ ಹೋಗಬೇಕೆಂದರೆ ಸುತ್ತಲಿನ ಒಳ್ಳೆಯ ಲೋಹವನ್ನೆಲ್ಲ ಗುಳಿಯ ತಳದ ಮಟ್ಟಕ್ಕೆ ಇಳಿಸಬೇಕು. ಅದರೊಂದಿಗೆ ಮುದ್ರೆ, ಕೆತ್ತನೆ, ಅಲಗಿನ ಏಣುಗಳೂ ಇಳಿಯುತ್ತವೆ. ಗುಳಿಯ ತಳದಲ್ಲಿ ಕಿತ್ತಳೆ ಉಳಿದಿದ್ದರೆ ಭೂತಗನ್ನಡಿಯಡಿ ಸೂಜಿಯ ತುದಿಯಿಂದ ಅಷ್ಟನ್ನೇ ಬಿಡಿಸಿ.

ಕೊನೆಗೆ ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆಗೆ ಬಣ್ಣ ಬರುವುದು ನಿಲ್ಲುವತನಕ ಎರಡು ಮೂರು ಸಲ ಒರೆಸಿ. ಸ್ಟೀಲ್ ವುಲ್‌ನ ಎಳೆಚೂರು ಗುಳಿಯಲ್ಲಿ ಉಳಿದರೆ ಅದೇ ಹೊಸ ತುಕ್ಕಿನ ಬೀಜ. ಪೂರ್ತಿ ಆರಿದ ಮೇಲೆ ಮೈಕ್ರೊಕ್ರಿಸ್ಟಲೈನ್ ಮೇಣ. ಬ್ರಿಟಿಷ್ ಮ್ಯೂಸಿಯಂನಲ್ಲಿ 1950ರ ದಶಕದಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್ ಎಂಬುದು ಇದರಲ್ಲಿ ಹೆಸರಾದದ್ದು. ಒಂದು ಗೇಣು ಅಲಗಿಗೆ ಬಟಾಣಿ ಗಾತ್ರದಷ್ಟು ಸಾಕು. ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು, ಒಣ ಹತ್ತಿಬಟ್ಟೆಯಿಂದ ತಿಕ್ಕಿ. ದಪ್ಪ ಹಚ್ಚಿದರೆ ಬೆಳ್ಳಗೆ ಕೂತು ದೂಳು ಹಿಡಿಯುತ್ತದೆ.

ಬೇಡವಾದವುಗಳಿಗೂ ಕಾರಣ ಗೊತ್ತಿರಲಿ. ನಿಂಬೆರಸ, ವಿನೆಗರ್, ಫಾಸ್ಫರಿಕ್ ಆಮ್ಲ ತುಕ್ಕಿನೊಂದಿಗೆ ಪ್ಯಾಟಿನಾವನ್ನೂ ಕರಗಿಸಿ, ಉಕ್ಕಿನ ಮೈಯನ್ನೇ ಕೆತ್ತಿ ಬೂದು ಮಾಡುತ್ತವೆ. ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ತೊಟ್ಟಿ ಕಂದು ಪದರವನ್ನೆಲ್ಲ ಕಿತ್ತುಹಾಕುತ್ತದೆ. ಮೇಲಾಗಿ ಹದ ಕೊಟ್ಟ ಗಟ್ಟಿ ಉಕ್ಕಿನೊಳಕ್ಕೆ ಹೈಡ್ರೋಜನ್ ಸೇರಿ ಅದು ಪೆಡಸಾಗಬಹುದು. ತುಕ್ಕು ಪರಿವರ್ತಕ ದ್ರಾವಣಗಳು ಅಲಗನ್ನು ಕಪ್ಪು ಬಣ್ಣ ಬಳಿದಂತೆ ಮಾಡುತ್ತವೆ. ಡಬ್ಲ್ಯುಡಿ-40 ನೀರು ಓಡಿಸಲು ಹುಟ್ಟಿದ್ದು, ವರ್ಷಗಟ್ಟಲೆ ಕಾಪಿಡಲು ಅಲ್ಲ. ಉಳಿಯುವ ಜಿಡ್ಡು ದೂಳನ್ನು ಅಂಟಿಸಿಕೊಳ್ಳುತ್ತದೆ. ಎಮರಿ ಪೇಪರ್ ಮತ್ತು ತಿರುಗುವ ಬಫ್ ಬಗ್ಗೆ ಹೇಳುವುದೇ ಬೇಡ.

ಅಲಗು ಒರೆಯಿಂದ ಬರುತ್ತಿಲ್ಲ

ಎಳೆದಾಡುವ ಮುಂಚೆ ಎಲ್ಲಿ ಸಿಕ್ಕಿದೆ ಎಂದು ಗೊತ್ತುಮಾಡಿಕೊಳ್ಳಿ. ಕೂದಲೆಳೆಯಷ್ಟೂ ಅಲುಗದಿದ್ದರೆ ಒರೆಯ ಬಾಯಲ್ಲೇ ತುಕ್ಕು ಕಚ್ಚಿದೆ. ಸ್ವಲ್ಪ ಬಂದು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಒರೆ ಜಜ್ಜಿದೆ ಅಥವಾ ಅಲಗು ಬಾಗಿದೆ. ಲೋಹದ ಒರೆಯ ಮೈಮೇಲೆ ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಬರುವಾಗ ಉದ್ದಕ್ಕೂ ಬಿಗಿಯಾಗಿದ್ದರೆ ಒಳಗಿನ ಮರ ತೇವಕ್ಕೆ ಉಬ್ಬಿದೆ. ಈ ಕೊನೆಯದಕ್ಕೆ ಔಷಧ ತಾಳ್ಮೆ ಮಾತ್ರ: ಶೇ. 45ರ ಆಸುಪಾಸಿನ ತೇವವಿರುವ ಕೋಣೆಯಲ್ಲಿ ಮೂರು ನಾಲ್ಕು ವಾರ ಬಿಟ್ಟರೆ ಮರ ತಾನಾಗಿ ಕುಗ್ಗುತ್ತದೆ. ಬಿಸಿಲಿಗೂ ಹೀಟರ್ ಮುಂದೆಯೂ ಇಡಬೇಡಿ, ಮರ ಸೀಳುತ್ತದೆ.

ಬಾಯಲ್ಲಿ ಕಚ್ಚಿದ್ದರೆ, ಒರೆ ಪೂರ್ತಿ ಲೋಹದ್ದಾಗಿದ್ದರೆ ಮಾತ್ರ, ಮೊನೆ ಮೇಲಾಗದಂತೆ ನೆಟ್ಟಗೆ ನಿಲ್ಲಿಸಿ ಬಾಯಿಯ ಸುತ್ತ ಪೆನೆಟ್ರೇಟಿಂಗ್ ಎಣ್ಣೆ (ಸಂದಿಗೆ ಇಳಿಯುವಂಥದ್ದು) ಐದಾರು ಹನಿ, ದಿನಕ್ಕೆರಡು ಸಲ, ಮೂರು ದಿನ. 19ನೇ ಶತಮಾನದ ಅನೇಕ ಅಶ್ವದಳ ಕತ್ತಿಗಳ ಉಕ್ಕಿನ ಒರೆಯಲ್ಲಿ ಬಾಯಿಯ ಪಟ್ಟಿಯನ್ನು ಬದಿಯ ಎರಡು ಸಣ್ಣ ತಿರುಪು ಹಿಡಿದಿರುತ್ತವೆ. ಅವನ್ನು ಬಿಚ್ಚಿದರೆ ಪಟ್ಟಿಯೊಂದಿಗೆ ಅಲಗು ಹೊರಬರುತ್ತದೆ. ಸ್ಕ್ರೂಡ್ರೈವರ್ ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂರದಿದ್ದರೆ ತಲೆ ಹರಿಯುತ್ತದೆ. ಚರ್ಮ, ಮರದ ಒರೆಗೆ ಎಣ್ಣೆ ಬಿಡಬೇಡಿ. ಹಿಡಿಗೆ ಸುತ್ತಿಗೆಯಲ್ಲಿ ಬಡಿಯುವುದಂತೂ ಅಲಗಿಗಿಂತ ಮೊದಲು ಹಿಡಿಯನ್ನೇ ಕಿತ್ತುಕೊಡುವ ದಾರಿ.

ಹಿಡಿ ಅಲುಗಾಡುತ್ತಿದೆ

ಅಲಗಿನ ಬುಡ ಹಿಡಿಯೊಳಗೆ ಹೇಗೆ ಕೂತಿದೆ ಎಂಬುದರ ಮೇಲೆ ಪರಿಹಾರ ನಿಂತಿದೆ. ಭಾರತದ ತಲವಾರಿನಲ್ಲಿ ಬುಡವನ್ನು ಅರಗು, ರಾಳದಂಥ ಅಂಟಿನಲ್ಲಿ ಕೂರಿಸಿರುತ್ತಾರೆ. ಅದು ಒಣಗಿ ಬಿರಿದರೆ ಹಿಡಿ ಲಟಲಟ ಎನ್ನುತ್ತದೆ, ಅಲುಗಿಸಿದರೆ ಪುಡಿ ಉದುರುತ್ತದೆ. ಆ ಅಂಟು ಶಾಖಕ್ಕೆ ಮೆತ್ತಗಾಗುವಂಥದ್ದು, ಬಲ್ಲವರ ಕೈಯಲ್ಲಿ ಮತ್ತೆ ಕೂರುತ್ತದೆ. ಎಪಾಕ್ಸಿ ಅಂಟು ಸುರಿದರೆ ಮುಂದೆಂದೂ ಬಿಚ್ಚುವ ಹಾಗಿಲ್ಲ. ಯುರೋಪಿನ ಕತ್ತಿಗಳಲ್ಲಿ ಸಾಮಾನ್ಯವಾಗಿ ಬುಡದ ತುದಿ ಹಿಡಿಯ ತಲೆಯಿಂದ ಹೊರಬಂದು ಗುಂಡಿಯಂತೆ ತಟ್ಟಿದ್ದಿರುತ್ತದೆ. ಹಿಡಿಯ ಮರ ಕುಗ್ಗಿ ಸಡಿಲವಾಗಿದ್ದರೆ ಆ ಗುಂಡಿಯನ್ನು ಮತ್ತೆ ತಟ್ಟಬೇಡಿ. ಹೊಸ ಸುತ್ತಿಗೆಯೇಟು ‘ಇದನ್ನು ಬಿಚ್ಚಿ ಕೂಡಿಸಿದ್ದಾರೆ’ ಎಂದು ಸಾರುತ್ತದೆ, ಬೆಲೆ ಇಳಿಯುತ್ತದೆ. ಸಂದಿಯಲ್ಲಿ ತೆಳ್ಳನೆಯ ಬಿದಿರು ಚಕ್ಕೆಯನ್ನು ಅಂಟಿಲ್ಲದೆ ಸೇರಿಸಿದರೆ ಪ್ರದರ್ಶನಕ್ಕೆ ಸಾಕು. ಜಪಾನಿನದರಲ್ಲಿ ಸಾಮಾನ್ಯವಾಗಿ ಒಂದು ಬಿದಿರಿನ ಗೂಟ ಮಾತ್ರ ಹಿಡಿಯನ್ನು ಹಿಡಿದಿರುತ್ತದೆ. ಸವೆದಿದ್ದರೆ ಬಿದಿರಿನದನ್ನೇ ಹಾಕಿ, ಮೊಳೆ ಬೇಡ.

ಹಸಿರು ಮೇಣ, ಕೆಂಪು ಪುಡಿ

ಹಿತ್ತಾಳೆ ಚರ್ಮಕ್ಕೆ ತಾಗುವಲ್ಲಿ ಮೇಣದಂಥ ಹಸಿರು ಕಟ್ಟುತ್ತದೆ. ಚರ್ಮಕ್ಕೆ ಹಚ್ಚಿದ ಕೊಬ್ಬಿನ ಆಮ್ಲ ತಾಮ್ರದೊಂದಿಗೆ ಸೇರಿ ಆದ ಸಾಬೂನು ಅದು. ಬಿದಿರು ಕಡ್ಡಿಯಿಂದ ಎಬ್ಬಿಸಿ, ಲೋಹದ ಮೇಲೆ ಮಾತ್ರ ಟರ್ಪೆಂಟೈನ್ ತಾಗಿಸಿ ಒರೆಸಿ. ಇದು ಹಠಮಾರಿಯಲ್ಲ. ಆದರೆ ಮೇಣದಂತಿರದೆ ತಿಳಿಹಸಿರು ಪುಡಿ, ಅದರಡಿ ಗುಳಿ ಕಂಡರೆ ಅದು ಕ್ಲೋರೈಡ್‌ನ ಕೆಲಸ, ಹನಿ ಒಸರುವ ಕಬ್ಬಿಣದ ತಮ್ಮ; ಒಣಗಿಸಿಟ್ಟು ಸಂರಕ್ಷಕರಿಗೆ ತೋರಿಸಿ. ಅಮೋನಿಯಾ ಇರುವ ಹಿತ್ತಾಳೆ ಪಾಲಿಷ್‌ನಿಂದ ದೂರವಿರಿ. ಬಿಗುವಿನಲ್ಲಿರುವ ತೆಳು ಹಿತ್ತಾಳೆಯನ್ನು ಅದು ಬಿರುಕು ಬಿಡಿಸುತ್ತದೆ, ಕೆತ್ತನೆಯ ಸಂದುಗಳಲ್ಲಿ ಬಿಳಿ ಕೆಸರು ಉಳಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಚಿನ್ನದ ಲೇಪದ್ದು: ಪಾದರಸದಿಂದ ಮಾಡಿದ ಆ ಲೇಪ ತೀರಾ ತೆಳು, ‘ಕೊಳೆಯಾದ ಹಿತ್ತಾಳೆ’ ಎಂದು ಉಜ್ಜಿದವರ ಬಟ್ಟೆಗೆ ಅದು ಹೋಗಿಬಿಟ್ಟಿರುತ್ತದೆ.

ಚರ್ಮ ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತಿದರೆ ಅದಕ್ಕೆ ಕೆಂಪು ಕೊಳೆ ಎಂದು ಹೆಸರು. ಮರದ ತೊಗಟೆಯಲ್ಲಿ ಹದಮಾಡಿದ ಚರ್ಮ ಗಾಳಿಯ ಗಂಧಕದ ಆಮ್ಲದಿಂದ ಒಳಗಿಂದೊಳಗೆ ಸತ್ತಿದೆ. ನೀರು ತಾಗಿದರೆ ಕಪ್ಪಾಗಿ ಗಟ್ಟಿಯಾಗುತ್ತದೆ, ಎಣ್ಣೆ ಹಾಕಿದರೆ ಜಿಡ್ಡಿನ ಪುಡಿಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ಶೇ. 2ರಷ್ಟು ಕರಗಿಸಿ (100 ಮಿ.ಲೀ.ಗೆ 2 ಗ್ರಾಂ) ಮೆದು ಕುಂಚದಲ್ಲಿ ಎರಡು ಸಲ ಸವರಿದರೆ ಪುಡಿ ಹಿಡಿತಕ್ಕೆ ಬರುತ್ತದೆ. ಬಣ್ಣ ತುಸು ಕಡುವಾಗಬಹುದು, ಮೂಲೆಯಲ್ಲಿ ನೋಡಿಕೊಳ್ಳಿ. ಸತ್ತ ಚರ್ಮ ಬದುಕುವುದಿಲ್ಲ, ಉದುರುವುದು ನಿಲ್ಲುತ್ತದೆ ಅಷ್ಟೆ.

ಚಿನ್ನ, ನೀಲಿ, ನೀರಲೆ

ಕೋಫ್ತಗಾರಿಯಲ್ಲಿ ಉಕ್ಕಿನ ಮೈಯನ್ನು ಅಡ್ಡತಿಡ್ಡ ಗೀರಿ, ಆ ಗೀರುಗಳಿಗೆ ಚಿನ್ನದ ತಂತಿ ಒತ್ತಿ ಕೂರಿಸಿರುತ್ತಾರೆ. ಚಿನ್ನ ಮೇಲೆ ಕೂತಿದೆಯೇ ಹೊರತು ಒಳಗೆ ಇಳಿದಿಲ್ಲ. ತುಕ್ಕು ಗೀರಿನಡಿಯಿಂದ ಹುಟ್ಟಿ ಚಿನ್ನವನ್ನು ಎತ್ತುತ್ತದೆ. ಮೇಲಿಂದ ಉಜ್ಜಿದರೆ ಎದ್ದ ಚಿನ್ನ ಉದುರುತ್ತದೆ. ಒಣ ಮೆದು ಕುಂಚದಿಂದ ದೂಳು ತೆಗೆಯುವುದಷ್ಟೇ ಮನೆಯ ಕೆಲಸ. ಯುರೋಪಿನಲ್ಲಿ 1800ರ ಆಸುಪಾಸಿನ ಅಧಿಕಾರಿಗಳ ಅಲಗುಗಳಲ್ಲಿ ಕಾಣುವ ನೀಲಿ–ಚಿನ್ನದ ಲೇಪವೂ ಹೀಗೇ. ಅಲ್ಲಿ ಉಳಿದ ನೀಲಿಯೇ ಬೆಲೆ. ಸ್ಟೀಲ್ ವುಲ್‌ನ ಎರಡು ಎಳೆತಕ್ಕೆ ಅದು ಮಾಯ.

ನೀರಲೆ ಉಕ್ಕು, ಅಂದರೆ ವೂಟ್ಸ್. ಆ ಇಂಗ್ಲಿಷ್ ಹೆಸರು ಕನ್ನಡದ ‘ಉಕ್ಕು’ವಿನಿಂದ ಹುಟ್ಟಿತೆಂಬುದು ಅನೇಕ ವಿದ್ವಾಂಸರ ಮತ. ಮೂಸೆಯಲ್ಲಿ ಕರಗಿಸಿದ, ಇಂಗಾಲ ಹೆಚ್ಚಿರುವ ಈ ಉಕ್ಕಿನ ಮೇಲೆ ನೀರು ಹರಿದಂಥ ರೇಖೆಗಳಿರುತ್ತವೆ. ತುಕ್ಕಿನಡಿ, ಹಳೆಯ ಪಾಲಿಷ್‌ನಡಿ ಅದು ಕಾಣದೆ ಹೋಗಿ, ಸಾದಾ ಅಲಗೆಂದು ಮಾರಿದ್ದುಂಟು. ಚಿತ್ತಾರವನ್ನು ಮತ್ತೆ ಎಬ್ಬಿಸಲು ಹದವಾದ ಆಮ್ಲಕೆಲಸ ಬೇಕು, ಅದು ಪರಿಣತರದ್ದು. ನಿಮ್ಮ ಪಾಲಿನದು ಗುರುತು ಹಿಡಿಯುವುದಷ್ಟೇ. ಚಿತ್ತಾರ ಲೋಹದೊಳಗಿನದಾದರೆ ಅಲಗಿನ ಮುಖದಿಂದ ಬೆನ್ನಿನ ಮೇಲೂ ಮುಂದುವರಿಯುತ್ತದೆ. ಮುಖದ ಮೇಲೆ ಮಾತ್ರವಿದ್ದು ಅಂಚಿನಲ್ಲಿ ಥಟ್ಟನೆ ನಿಂತರೆ ಆಮ್ಲದಲ್ಲಿ ಬರೆದ ನಕಲಿ.

ಜಪಾನಿನ ಅಲಗು

ಇಲ್ಲಿ ನಿಯಮ ಚಿಕ್ಕದು: ಏನೂ ಮಾಡಬೇಡಿ. ಅಲಗಿನ ಮೈ ಕಲ್ಲುಗಳ ಮೇಲೆ ವಾರಗಟ್ಟಲೆ ತಿದ್ದಿದ್ದು. ಬಾಯಿಯುದ್ದದ ಹದದ ಗೆರೆಯನ್ನು ಮನೆಯ ಪಾಲಿಷ್ ಅಳಿಸುತ್ತದೆ. ಹಿಡಿಯೊಳಗಿನ ಬುಡದ ತುಕ್ಕನ್ನು ಎಂದೂ ತೆಗೆಯಬಾರದು, ಎಣ್ಣೆಯನ್ನೂ ಹಚ್ಚಬಾರದು. ಆ ತುಕ್ಕಿನ ಬಣ್ಣ, ದಪ್ಪ ನೋಡಿಯೇ ಪರಿಣತರು ಕಾಲ ಹೇಳುತ್ತಾರೆ; ಕಮ್ಮಾರನ ಸಹಿಯೂ ಅಲ್ಲೇ ಇರುತ್ತದೆ. ತುಕ್ಕು ತೊಳೆದ ಬುಡವೆಂದರೆ ಜನ್ಮಪತ್ರ ಹರಿದಂತೆ. ಸಹಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಹೆಸರಾಂತ ಕಮ್ಮಾರರ ಸಹಿಯನ್ನು ನಕಲು ಮಾಡುವ ಚಾಳಿ ಶತಮಾನಗಳಷ್ಟು ಹಳೆಯದು. 1948ರಲ್ಲಿ ಸ್ಥಾಪನೆಯಾದ ಜಪಾನಿನ ಎನ್‌ಬಿಟಿಎಚ್‌ಕೆ ಎಂಬ ಕತ್ತಿ ಸಂರಕ್ಷಣಾ ಸಂಸ್ಥೆಯ ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ತೂಕವಿರುವುದು ಇದಕ್ಕೇ. ಬಾಯಿಯಿಂದ ಒಳಕ್ಕೆ, ಅಂಚಿಗೆ ಅಡ್ಡಲಾಗಿ ಹೋದ ಕೂದಲೆಳೆ ಬಿರುಕು ಕಂಡರೆ ಅದು ಮಾರಕ ದೋಷ. ಬೆಲೆ ಪಾತಾಳಕ್ಕೆ ಇಳಿಯುತ್ತದೆ.

1935ರ ಮಾದರಿಯ ಕೆಳದರ್ಜೆಯ ಅಧಿಕಾರಿಗಳ ಸೈನಿಕ ಕತ್ತಿ ಬೇರೆ ಜಾತಿ. ಯಂತ್ರದಲ್ಲಿ ಮಾಡಿದ ಅಲಗು, ಸುತ್ತಿದ ದಾರದಂತೆ ಕಾಣಲು ಬಣ್ಣ ಬಳಿದ ಎರಕದ ಅಲ್ಯುಮಿನಿಯಂ ಹಿಡಿ, ಅಲಗಿನ ಮೇಲೆ ಕ್ರಮಸಂಖ್ಯೆ. ಒರೆಯ ಮೇಲಿನ ಸಂಖ್ಯೆಯೂ ಅದೇ ಆಗಿದ್ದರೆ ಬೆಲೆ ಹೆಚ್ಚು. ಇದರ ನಕಲಿಗಳು ಬೇಕಾದಷ್ಟಿವೆ.

ಕವಚ

ಎದೆಗವಚ, ಶಿರಸ್ತ್ರಾಣಗಳ ಹೊರಮೈಗಿಂತ ಒಳಮೈ ಮೊದಲು ನೋಡಿ. ಕೈಯಲ್ಲಿ ತಟ್ಟಿ ಮಾಡಿದ್ದರಲ್ಲಿ ಒಳಗೆ ಸುತ್ತಿಗೆಯ ಗುರುತು, ಕಪ್ಪು ಒರಟು ಮೈ ಇರುತ್ತದೆ. ದಪ್ಪವೂ ಜಾಗಕ್ಕೊಂದು ತರ, ನಡುಎದೆಯಲ್ಲಿ ಹೆಚ್ಚು, ಬದಿಗಳಲ್ಲಿ ಕಡಿಮೆ. ಎಲ್ಲೆಡೆ ಒಂದೇ ದಪ್ಪವಿದ್ದರೆ ಕಾರ್ಖಾನೆಯ ತಗಡು. ಒಳಗೆ ಬೆಸುಗೆಯ ಏಣು ಕಂಡರೆ, ಗ್ಯಾಸ್ ವೆಲ್ಡಿಂಗ್ ಬಳಕೆಗೆ ಬಂದದ್ದೇ 20ನೇ ಶತಮಾನದ ಆರಂಭದಲ್ಲಿ ಎಂಬುದನ್ನು ನೆನಪಿಡಿ: ಒಂದೋ ನಕಲು, ಇಲ್ಲವೇ ಆಮೇಲಿನ ರಿಪೇರಿ. ಯುರೋಪಿನ ಯುದ್ಧಕವಚ ಪೂರ್ತಿ ಸೇರಿ ಸಾಮಾನ್ಯವಾಗಿ 15ರಿಂದ 25 ಕಿಲೊ. ಹೆಚ್ಚಿನ ‘ಪೂರ್ತಿ ಕವಚ’ಗಳು ಬೇರೆಬೇರೆ ಕಡೆಯ ತುಂಡು ಕೂಡಿಸಿದವು, ಅದು ಮೋಸವೇ ಆಗಬೇಕಿಲ್ಲ, ಬೆಲೆ ಮಾತ್ರ ತುಂಡುಗಳ ಲೆಕ್ಕಕ್ಕೆ ಇಳಿಯುತ್ತದೆ. ಮ್ಯೂನಿಕ್‌ನ ಎರ್ನ್ಸ್ಟ್ ಶ್ಮಿಟ್ ಕಾರ್ಯಾಗಾರ 19ನೇ ಶತಮಾನದ ಕೊನೆಯ ಹೊತ್ತಿಗೆ ಮಾಡಿದ ಮರುರಚನೆಗಳಂತೂ ಎಷ್ಟು ಚೆನ್ನಾಗಿವೆಯೆಂದರೆ ಅವಕ್ಕೇ ಸ್ವಂತ ಮಾರುಕಟ್ಟೆಯಿದೆ.

ಉಂಗುರ ಕವಚದಲ್ಲಿ ಭೂತಗನ್ನಡಿಯಡಿ ಒಂದೊಂದು ಉಂಗುರದ ಕೂಡುವ ಜಾಗ ನೋಡಿ. ತುದಿಗಳನ್ನು ಚಪ್ಪಟೆ ಮಾಡಿ ರಿವೆಟ್ ಹೊಡೆದಿದ್ದರೆ ಕಾದಾಟಕ್ಕೆ ಮಾಡಿದ್ದು. ತುದಿಗೆ ತುದಿ ತಾಗಿಸಿ ಬಿಟ್ಟಿದ್ದರೆ ಬಹುಮಟ್ಟಿಗೆ ಅಲಂಕಾರದ್ದು, 19ನೇ ಶತಮಾನದ ಇರಾನ್, ಭಾರತದ ಕೆಲಸಗಳಲ್ಲಿ ಇದು ಹೆಚ್ಚು. ಅದನ್ನು ನೇತುಹಾಕಬೇಡಿ, ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಜಪಾನಿನ ಅರಗುಬಣ್ಣದ ಕವಚಕ್ಕೆ ಎಣ್ಣೆ, ಆಲ್ಕೊಹಾಲ್, ನೀರು ಯಾವುದೂ ಬೇಡ. ಬಿಸಿಲುಂಡ ಆ ಮೈ ನೀರಿನ ಹನಿಗೂ ಕಲೆ ಹಿಡಿಯುತ್ತದೆ.

ಬೆಲೆ

ಮೊದಲ ಜರಡಿ ಅಸಲಿಯೋ ಅಲಂಕಾರದ್ದೋ ಎಂಬುದು. ಒಂಟಿಕೈ ಕತ್ತಿ ಬಹುಪಾಲು 0.8ರಿಂದ 1.3 ಕಿಲೊ ತೂಗುತ್ತದೆ. ಎರಡು ಕಿಲೊ ದಾಟಿದರೆ ಗೋಡೆಯ ಗೊಂಬೆಯೆಂದು ಶಂಕಿಸಿ. ಬಳಕೆಯ ಅಲಗು ಬುಡದಿಂದ ಮೊನೆಗೆ ತೆಳ್ಳಗಾಗುತ್ತ ಹೋಗುತ್ತದೆ, ಬುಡದಲ್ಲಿ 6–8 ಮಿ.ಮೀ. ಇದ್ದದ್ದು ಮೊನೆಯ ಬಳಿ 2–3ಕ್ಕೆ ಇಳಿದಿರುತ್ತದೆ. ನೀವು ಅಳೆದ ಮೂರು ದಪ್ಪಗಳೂ ಒಂದೇ ಆಗಿದ್ದರೆ ಪಟ್ಟಿಯಿಂದ ಕತ್ತರಿಸಿದ್ದು. ಸ್ಟೇನ್‌ಲೆಸ್ ಅಲಗು 1913ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಅದನ್ನು ರೂಪಿಸಿದ್ದೇ ಆ ವರ್ಷ. ಕ್ರೋಮ್ ಲೇಪ 1920ರ ದಶಕದ ನಂತರದ್ದು. ಗುಳಿಗಳ ಮೇಲೇ ಕ್ರೋಮ್ ಕೂತಿದ್ದರೆ ಹಳೆಯದಕ್ಕೆ ಹೊಸ ಅಂಗಿ. ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಅಚ್ಚೊತ್ತಿದ್ದರೆ ಹೆಚ್ಚಾಗಿ ರಫ್ತಿನ ಮಾಲು: ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು 1890ರದ್ದು.

ಎರಡನೆಯ ಬಲೆ ಹೆಸರು. ಸ್ಕಾಟ್ಲೆಂಡಿನ ಲೆಕ್ಕವಿಲ್ಲದಷ್ಟು ಅಲಗುಗಳ ಮೇಲೆ 16ನೇ ಶತಮಾನದ ಇಟಲಿಯ ಕಮ್ಮಾರ ಆಂಡ್ರಿಯಾ ಫೆರಾರನ ಹೆಸರಿದೆ. ಅವುಗಳಲ್ಲಿ ಬಹಳಷ್ಟು ಜರ್ಮನಿಯ ಸೋಲಿಂಗೆನ್‌ನಲ್ಲಿ ಆದವು. ಇರಾನಿನ ಶಂಶೀರ್ ಎಂಬ ಬಾಗುಕತ್ತಿಗಳ ಮೇಲೆ ಇಸ್ಫಹಾನಿನ ಅಸದುಲ್ಲಾನ ಹೆಸರೂ ಹೀಗೇ ಗುಣದ ಮೊಹರಾಗಿ ನಡೆದುಬಂತು. ಪಸ್ಸೌ ಊರಿನ ಓಡುವ ತೋಳದ ಮುದ್ರೆಯನ್ನು ಸೋಲಿಂಗೆನ್‌ನವರೂ ಒತ್ತಿದರು. ಹೆಸರಿಗಿಂತ ಸಂಖ್ಯೆ ಹೆಚ್ಚು ನಂಬಿಕಸ್ಥ: 19ನೇ ಶತಮಾನದ ಮಧ್ಯದಿಂದ ವಿಲ್ಕಿನ್ಸನ್ ಕಂಪನಿಯ ಅಧಿಕಾರಿ ಕತ್ತಿಗಳ ಬೆನ್ನಿನ ಮೇಲಿರುವ ಕ್ರಮಸಂಖ್ಯೆಯಿಂದ, ಉಳಿದಿರುವ ಕಡತದಲ್ಲಿ ವರ್ಷವನ್ನೂ ಅನೇಕ ಸಲ ಕೊಂಡವನನ್ನೂ ಹುಡುಕಬಹುದು. ಫ್ರೆಂಚ್ ಸೈನ್ಯದ ಅಲಗುಗಳ ಬೆನ್ನಿನ ಮೇಲೆ ಕ್ಲಿಂಗೆಂತಾಲ್, ಶಾಟೆಲ್ರೋ ಕಾರ್ಖಾನೆಯ ಹೆಸರು, ತಿಂಗಳು, ವರ್ಷವೇ ಇರುತ್ತದೆ. ಬೆನ್ನನ್ನು ಉಜ್ಜಿಹಾಕಿದವರು ಕಳೆದುಕೊಳ್ಳುವುದು ಇದನ್ನೇ.

‘ಇದರ ಬೆಲೆಯೆಷ್ಟು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವಿಮೆಗೆ ಕಟ್ಟುವುದು ಅಂಥದ್ದೇ ಮತ್ತೊಂದನ್ನು ಅಂಗಡಿಯಲ್ಲಿ ಕೊಳ್ಳುವ ಬೆಲೆ, ಅದು ಎಲ್ಲಕ್ಕಿಂತ ಹೆಚ್ಚು. ಆಸ್ತಿ ಹಂಚಿಕೆಗೆ ಬೇಕಾದ್ದು ಇಂಥ ದಿನ ಮುಕ್ತ ಮಾರುಕಟ್ಟೆಯಲ್ಲಿ ಬರಬಹುದಾದ ಬೆಲೆ. ವ್ಯಾಪಾರಿ ಕೈಗಿಡುವುದು ಅವನ ಲಾಭ ಕಳೆದು ಉಳಿದದ್ದು. ಹರಾಜಿನಲ್ಲಿ ಸುತ್ತಿಗೆ ಬಿದ್ದ ಮೊತ್ತಕ್ಕೆ ಕೊಳ್ಳುವವನ ಮೇಲೂ ಶುಲ್ಕ, ಮಾರುವವನ ಮೇಲೂ ಶುಲ್ಕ. ಪತ್ರಿಕೆಯಲ್ಲಿ ಓದಿದ ದಾಖಲೆ ಮೊತ್ತ ಮಾರಿದವರ ಕೈಗೆ ಬಂದದ್ದಲ್ಲ. ಹೋಲಿಸುವಾಗ ಕೇಳಿದ ಬೆಲೆ ಬಿಟ್ಟು ಮಾರಾಟವಾದ ಬೆಲೆಯನ್ನೇ ನೋಡಿ. ಆಯುಧಗಳ ವಿಭಾಗವೇ ಇರುವ ಎರಡು ಮೂರು ಹರಾಜು ಸಂಸ್ಥೆಗಳಿಗೆ ಅವೇ ಫೋಟೊ, ಅವೇ ಅಳತೆ ಕಳಿಸಿ. ‘ಇಷ್ಟಕ್ಕೆ ನಾನೇ ಕೊಳ್ಳುತ್ತೇನೆ’ ಎನ್ನುವವನ ಅಂದಾಜನ್ನು ಅಂದಾಜು ಎಂದು ತಿಳಿಯಬೇಡಿ. ವಸ್ತುಸಂಗ್ರಹಾಲಯದವರು ಗುರುತು ಹಿಡಿಯಲು ನೆರವಾಗಬಹುದು, ಬೆಲೆ ಹೇಳುವುದು ಸಾಮಾನ್ಯವಾಗಿ ಅವರ ಕೆಲಸವಲ್ಲ.

ಮನೆತನದ ಕಥೆಗೆ ಬೆಲೆಯುಂಟು, ಕಾಗದ ಜೊತೆಗಿದ್ದರೆ. ಕತ್ತಿ ಹಿಡಿದ ಹಿರಿಯರ ಫೋಟೊ, ಪತ್ರ, ನೇಮಕಾತಿ ಆದೇಶ ಇವನ್ನು ಕತ್ತಿಯಿಂದ ಅಗಲಿಸಬೇಡಿ. ಕಥೆಯ ಯುದ್ಧ ಕತ್ತಿಯ ಮಾದರಿಗಿಂತ ಹಿಂದಿನದಾಗಿದ್ದರೆ ಕಥೆಯನ್ನೇ ಬಿಡಬೇಕು. ಹಿಡಿಯಲ್ಲಿ ದಂತ, ಆಮೆಚಿಪ್ಪು, ಖಡ್ಗಮೃಗದ ಕೊಂಬು ಇದ್ದರೆ ಮಾರುವ ಮುಂಚೆ ಕಾನೂನು ನೋಡಿ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದವೂ ಆಯಾ ದೇಶದ ಕಟ್ಟಳೆಗಳೂ ಗಡಿ ದಾಟಿಸುವುದನ್ನು, ಕೆಲವೆಡೆ ಒಳಗೆ ಮಾರುವುದನ್ನೂ ತಡೆಯುತ್ತವೆ. ಹಳೆಯ ವಸ್ತುಗಳ ರಫ್ತು, ಆಯುಧ ಇಟ್ಟುಕೊಳ್ಳುವ ಪರವಾನಗಿ ಕೂಡ ದೇಶಕ್ಕೊಂದು ಬಗೆ.

ಇಡುವ ಜಾಗ

ಚರ್ಮದ ಒರೆಯೊಳಗೆ ಅಲಗು ಕೂಡದು; ಚರ್ಮದ ಆಮ್ಲ, ಉಪ್ಪು, ಅದು ಹೀರಿದ ತೇವ ಮೂರೂ ಉಕ್ಕಿಗೆ ಶತ್ರು. ಎರಡನ್ನೂ ಪಕ್ಕಪಕ್ಕದಲ್ಲಿ, ಆಮ್ಲರಹಿತ ಟಿಶ್ಯೂ ಹಾಸಿ, ಮಲಗಿಸಿಡಿ. ಓಕ್ ಮರದ ಪೆಟ್ಟಿಗೆ ಆಮ್ಲದ ಆವಿ ಬಿಡುತ್ತದೆ, ಉಣ್ಣೆಯ ಹಾಸು ಮತ್ತು ರಬ್ಬರ್ ಬ್ಯಾಂಡ್ ಬೆಳ್ಳಿಯನ್ನು ಕಪ್ಪು ಮಾಡುತ್ತವೆ, ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕೂಡಿಹಾಕುತ್ತದೆ. ಲೋಹ, ಚರ್ಮ, ಮರ ಕೂಡಿದ ವಸ್ತುವಿಗೆ ಸಾಪೇಕ್ಷ ತೇವ ಶೇ. 45ರಿಂದ 50ರೊಳಗೆ, ಏರಿಳಿತವಿಲ್ಲದೆ ಇರಲಿ. ಹೊರಗೋಡೆಗೆ, ಒಲೆಯ ಮೇಲಕ್ಕೆ ತೂಗುಹಾಕಬೇಡಿ. ಕವಚವನ್ನು ಅದರ ಹಳೆಯ ಚರ್ಮದ ಪಟ್ಟಿಗಳಿಂದ ನೇತಾಡಿಸಬೇಡಿ, ಒಳಗಿನಿಂದ ಆಸರೆ ಕೊಡಿ. ಮೂರು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಮೊದಲ ದಿನದ ಫೋಟೊಗಳೊಂದಿಗೆ ಹೋಲಿಸಿ. ಟಿಶ್ಯೂವಿನ ಮೇಲೆ ಕಿತ್ತಳೆ ಚುಕ್ಕೆ ಕಂಡರೆ ಆ ಜಾಗವನ್ನು ಮಾತ್ರ ಟರ್ಪೆಂಟೈನ್‌ನಲ್ಲಿ ಒರೆಸಿ, ಮೇಲೆ ಹೇಳಿದ ಕ್ರಮದಲ್ಲಿ ಮತ್ತೆ ಮೇಣ ಹಚ್ಚಿ.